ನನಗೆ ಓದಿ ಹೇಳಿದವರು

ನಮ್ಮೂರು ತಳಿ. ಹೊಸೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಜಿಲ್ಲೆ ಕೃಷ್ಣಗಿರಿ, ರಾಜ್ಯ ತಮಿಳುನಾಡು. ಕರ್ನಾಟಕದ ಆನೇಕಲ್ಲು ಪಕ್ಕದಲ್ಲೇ ಇದೆ. ಇಲ್ಲಿಯ ಚಳಿ ನೋಡಿ ಬ್ರಿಟಿಷರು 'ಲಿಟ್ಲ್ ಇಂಗ್ಲೆಂಡ್' ಎಂದು ಕರೆದರಂತೆ. ನಮಗೆ ಮಾತ್ರ ಅದು ರಾಗಿ, ಟೊಮೆಟೊ, ಎಲೆಕೋಸು, ಗುಲಾಬಿ ಬೆಳೆಯುವ ಊರು. ರಾತ್ರಿ ಕಾಡಿನಿಂದ ಆನೆ ಬಂದರೆ ಬೆಳಗಿನ ತನಕ ತಮಟೆ ಬಡಿಯುವ ಊರು.

ಮನೆಯಲ್ಲಿ ನಾವು ಆಡುವುದು ಕನ್ನಡ. ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು, ಪಕ್ಕದ ಬೀದಿಯಲ್ಲಿ ಉರ್ದು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಹಾಕಿದಾಗ ನಮ್ಮ ಸೀಮೆ ಮದ್ರಾಸಿನ ಕಡೆಗೆ ಉಳಿಯಿತು, ಕನ್ನಡ ಶಾಲೆಗಳೂ ಉಳಿದವು. ಹತ್ತನೇ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಮಿಳು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು ನೋಡಿ. ತಮಿಳು ಕಲಿಕೆಯ ಕಾಯ್ದೆ 2006ರಲ್ಲಿ ಬಂತು. ಆ ವರ್ಷ ಒಂದನೇ ತರಗತಿಗೆ ಸೇರಿದ ನನ್ನ ತಂಗಿ ಅದನ್ನು ಪಾಠವಾಗಿಯೇ ಓದಿದಳು.

ನನ್ನ ಅಜ್ಜಿಗೆ ಕನ್ನಡ ಓದಲು ಬರುತ್ತದೆ. ಬೆರಳಿಟ್ಟು ನಿಧಾನವಾಗಿ ಓದುತ್ತಾರೆ. ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮನೆಗೆ ಬರುವ ಕಾಗದಗಳೋ ಎಲ್ಲ ತಮಿಳು: ಪಟ್ಟಾ, ಚಿಟ್ಟಾ, ಕರೆಂಟಿನ ಚೀಟಿ, ಮುದುಕರ ಪಿಂಚಣಿಯ ಅರ್ಜಿ. ಏಳನೇ ತರಗತಿಯಿಂದ ಅವನ್ನು ಓದಿ ಹೇಳುವ ಕೆಲಸ ನನ್ನದು. ಅದಕ್ಕೆ ಅಜ್ಜಿಯದು ಒಂದೇ ಷರತ್ತು. "ಎಲ್ಲಾ ಓದು ಮಗಾ. ಸೈನ್ ಎಲ್ಲಿ ಆಕ್ಬೇಕು ಅಂತ ಆಮ್ಯಾಕೆ ಹೇಳು." ಮೂರು ಪುಟ ಇದ್ದರೆ ಮೂರು ಪುಟವೂ ಓದಬೇಕು. ಕೆಳಗಿನ ಸಣ್ಣ ಅಕ್ಷರವನ್ನೂ ಬಿಡುವಂತಿಲ್ಲ. ಈ ಷರತ್ತಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಜಪಾನಿಗೆ ಹೋದ ಮೊದಲ ವಾರದಲ್ಲಿ.

2018ರಲ್ಲಿ ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮೂರನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೆ. ಕಾಲೇಜಿಗೂ ಕೋಬೆ ನಗರದ ಒಂದು ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿ ವಿನಿಮಯದ ಒಪ್ಪಂದವಿತ್ತು. ಒಂದು ವರ್ಷದ ಓದು, ತಿಂಗಳಿಗೆ 80,000 ಯೆನ್ ವಿದ್ಯಾರ್ಥಿವೇತನ. ನಮ್ಮ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ಅದು ಸಿಗದಿದ್ದರೆ ಅಪ್ಪ ಕಳುಹಿಸುವಂತಿರಲಿಲ್ಲ. ಬೆಂಗಳೂರಿನಲ್ಲಿ ಜಪಾನಿ ಕಲಿತು ಎನ್4 ಪರೀಕ್ಷೆ ಪಾಸು ಮಾಡಿದ್ದೆ. ಅಂಗಡಿಯಲ್ಲಿ ಬೆಲೆ ಕೇಳುವಷ್ಟು, ದಾರಿ ಕೇಳುವಷ್ಟು ಭಾಷೆ ಅದು. ಕಚೇರಿಯ ಕಾಗದ ಓದಲು ಏನೂ ಸಾಲದು.

ಸೆಪ್ಟೆಂಬರ್ 25ರಂದು ಬ್ಯಾಂಕಾಕ್ ಮೂಲಕ ಕನ್ಸಾಯಿ ವಿಮಾನ ನಿಲ್ದಾಣದಲ್ಲಿ ಇಳಿದೆ. ಅದು ಸಮುದ್ರದ ನಡುವೆ ಮಣ್ಣು ತುಂಬಿ ಕಟ್ಟಿದ ನಿಲ್ದಾಣ. ಮೂರು ವಾರದ ಹಿಂದೆ, ಸೆಪ್ಟೆಂಬರ್ 4ರಂದು, ಆ ವರ್ಷದ 21ನೇ ಚಂಡಮಾರುತ ಬಂದು ನಿಲ್ದಾಣಕ್ಕೆ ನೀರು ನುಗ್ಗಿತ್ತು. ಗಾಳಿಗೆ ಎಳೆದುಕೊಂಡು ಬಂದ ಒಂದು ಟ್ಯಾಂಕರ್ ಹಡಗು ದಡಕ್ಕೆ ಹೋಗುವ ಸೇತುವೆಗೇ ಬಡಿದಿತ್ತು. ನಮ್ಮ ಬಸ್ಸು ಸೇತುವೆ ದಾಟುವಾಗ ಮುರಿದ ಬದಿ ಕಾಣುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಇಂಡೋನೇಷಿಯಾದ ಹುಡುಗ ಅದನ್ನು ನೋಡಿ "ಬಿಸ್ಮಿಲ್ಲಾ" ಎಂದ. ನಾನು ಸುಮ್ಮನೆ ಸೀಟಿನ ಕೈ ಹಿಡಿದುಕೊಂಡೆ. ಅವನು ನನ್ನ ಹಾಸ್ಟೆಲಿಗೇ ಬರುವವನು ಎಂದು ಇಳಿದ ಮೇಲೆ ಗೊತ್ತಾಯಿತು.

ಮಂಗಳೂರಿನವರಿಗೆ ಕೋಬೆಯನ್ನು ವಿವರಿಸುವುದು ಸುಲಭ. ಒಂದು ಬದಿ ಕಡಲು, ಒಂದು ಬದಿ ರೊಕ್ಕೋ ಬೆಟ್ಟ, ನಡುವೆ ಉದ್ದಕ್ಕೆ ಊರು. ಅಲ್ಲಿಯ ಜನ ದಾರಿ ಹೇಳುವಾಗ ಎಡ ಬಲ ಎನ್ನುವುದಕ್ಕಿಂತ 'ಬೆಟ್ಟದ ಕಡೆ', 'ಕಡಲ ಕಡೆ' ಎನ್ನುವುದೇ ಹೆಚ್ಚು. ನೀವು ಮೂಡು, ಪಡು ಎನ್ನುವ ಹಾಗೆ. ಬಯಲುಸೀಮೆಯ ನನಗೆ ಕಡಲು ಹೊಸತು, ಆದರೂ ಎರಡೇ ದಿನದಲ್ಲಿ ಅದು ಅಭ್ಯಾಸವಾಯಿತು. ದಾರಿ ತಪ್ಪಿದರೆ ತಲೆ ಎತ್ತಿ ಬೆಟ್ಟ ಎಲ್ಲಿದೆ ಎಂದು ನೋಡಿದರೆ ಸಾಕು.

ಓರಿಯೆಂಟೇಶನ್ ಮೂರು ದಿನ. ಮೊದಲ ದಿನ ಹೆಸರಿನದೇ ಗಲಾಟೆ. ನಮ್ಮ ಕಡೆ ಮನೆತನದ ಹೆಸರು ಬರೆಯುವ ಪದ್ಧತಿ ಇಲ್ಲ. ಹೆಸರಿನ ಮುಂದೆ ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಪೂರ್ತಿ ಹೆಸರೇ ಸರ್‌ನೇಮ್ ಆಗಿತ್ತು. ಜಪಾನಿನಲ್ಲಿ ಕರೆಯುವುದು ಸರ್‌ನೇಮಿನಿಂದ. ಹಾಗಾಗಿ ಆ ವರ್ಷವಿಡೀ ಎಲ್ಲರೂ ನನ್ನನ್ನು ಅಪ್ಪನ ಹೆಸರಿಗೆ 'ಸಾನ್' ಸೇರಿಸಿ ಕರೆದರು. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಾದ್ರೆ ನಾನೂ ಜಪಾನ್ ನೋಡ್ದಂಗಾಯ್ತು ಬುಡು" ಎಂದರು. ಬೆಂಗಳೂರು ಬಿಟ್ಟು ಬೇರೆ ದೊಡ್ಡ ಊರು ನೋಡಿದವರಲ್ಲ ಅವರು.

ಆಮೇಲೆ ಊರಿನ ಹೆಸರು. ಹೊರದೇಶದ ಹೆಸರುಗಳನ್ನು ಅಲ್ಲಿ ಕತಾಕಾನ ಎಂಬ ಲಿಪಿಯಲ್ಲಿ ಬರೆಯುತ್ತಾರೆ. ಮೂಲ ಅಕ್ಷರ 46. ಅದರಲ್ಲಿ ಲ ಇಲ್ಲ, ಳ ಅಂತೂ ಇಲ್ಲವೇ ಇಲ್ಲ. ಎಲ್ಲಕ್ಕೂ ರ ಒಂದೇ. ಹೀಗೆ ನಮ್ಮ ತಳಿ ಅಲ್ಲಿ 'ತರಿ' ಆಯಿತು. ಬೀಜದ ಬಗೆ ಎಂಬ ಅರ್ಥ ಹೋಗಿ ಕಡಿ, ಕತ್ತರಿಸು ಎಂಬ ಅರ್ಥ ಬಂತು. ಇದನ್ನು ನೋಡಿ ನಗಲು ಕೋಣೆಯಲ್ಲಿ ಇನ್ನೊಬ್ಬ ಕನ್ನಡದವರಿರಲಿಲ್ಲ. ಅದೇ ಅರ್ಜಿಯಲ್ಲಿ 'ಮಾತೃಭಾಷೆ' ಎಂಬ ಸಾಲಿತ್ತು. ಸಹಾಯಕ್ಕಿದ್ದ ಹುಡುಗಿ ನನ್ನ ರಾಜ್ಯದ ಹೆಸರು ನೋಡಿ "ತಮಿಳು, ಅಲ್ಲವೇ?" ಎಂದು ಕೇಳಿದಳು. ಕನ್ನಡ ಎಂದೆ. ನಾಲ್ಕು ಅಕ್ಷರ ಅಚ್ಚುಕಟ್ಟಾಗಿ ಬರೆದಳು. ಕನ್ನಡ ಮಾತ್ರ ಕತಾಕಾನದಲ್ಲೂ ಹೆಚ್ಚು ಕಡಿಮೆ ಕನ್ನಡವೇ ಆಗಿ ಉಳಿಯಿತು.

ಎರಡನೇ ದಿನ ವಾರ್ಡ್ ಕಚೇರಿ. ವಿಮಾನ ನಿಲ್ದಾಣದಲ್ಲಿ ಕೊಟ್ಟ ನಿವಾಸದ ಕಾರ್ಡಿಗೆ, ವಾಸ ಗೊತ್ತಾದ 14 ದಿನದೊಳಗೆ, ಆ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ವಿಳಾಸ ಆದ ಮೇಲೆ ಆರೋಗ್ಯ ವಿಮೆ, ಅದಾದ ಮೇಲೆ ಪಿಂಚಣಿ. ವಿದ್ಯಾರ್ಥಿಗೆ ಪಿಂಚಣಿ ಎಂಥದ್ದು ಎಂದು ಕೇಳಬೇಡಿ. 20 ತುಂಬಿದ ಯಾರೇ ಆದರೂ ಅಲ್ಲಿ ವಾಸವಿದ್ದರೆ ಅದಕ್ಕೆ ಸೇರಬೇಕು. ಓದುವವರು ಕಂತು ಕಟ್ಟುವುದನ್ನು ಮುಂದಕ್ಕೆ ಹಾಕಿಸಿಕೊಳ್ಳಲು ಬೇರೆ ಅರ್ಜಿ ಕೊಡಬೇಕು. ಇವು ಮೂರಕ್ಕೂ ಸೇರಿ ನನ್ನ ಮುಂದೆ ಆರೋ ಏಳೋ ಕಾಗದ ಬಂದವು. ಎಲ್ಲ ಜಪಾನಿ, ಅದರಲ್ಲೂ ಕಾಂಜಿ ತುಂಬಿದ ಕಚೇರಿ ಜಪಾನಿ.

ವಿಶ್ವವಿದ್ಯಾಲಯ ನಮ್ಮೊಬ್ಬೊಬ್ಬರಿಗೂ ಅಲ್ಲಿಯ ವಿದ್ಯಾರ್ಥಿಯೊಬ್ಬರನ್ನು ಜತೆ ಮಾಡಿತ್ತು. ನನ್ನ ಜತೆ ಬಂದವನು ಒಳ್ಳೆಯ ಹುಡುಗ. ಇಂಗ್ಲಿಷ್ ಅವನಿಗೆ ಕಷ್ಟ, ನನಗೆ ಜಪಾನಿ ಕಷ್ಟ. ಕಾಗದದ ಮೇಲೆ ಬೆರಳಿಟ್ಟು "ಹಿಯರ್ ನೇಮ್, ಹಿಯರ್ ಸೈನ್" ಎಂದ. ಹೆಸರು ಬರೆದೆ. ಸಹಿ ಮಾಡುವ ಮುಂಚೆ ಇದರಲ್ಲಿ ಏನಿದೆ ಎಂದು ಕೇಳಿದೆ. "ಇನ್ಶೂರೆನ್ಸ್. ಓಕೆ" ಎಂದ. ಎಷ್ಟು ಕಟ್ಟಬೇಕು, ಯಾವಾಗಿನಿಂದ, ಕಟ್ಟದಿದ್ದರೆ ಏನು, ಊರಿಗೆ ಹಿಂದಿರುಗುವಾಗ ಏನು? ಅವನಿಗೂ ಗೊತ್ತಿರಲಿಲ್ಲ, 20ರ ಹುಡುಗ, ಅಂಥ ಕಾಗದವನ್ನು ಅವನ ಮನೆಯಲ್ಲಿ ಅವನ ಅಮ್ಮ ನೋಡಿಕೊಳ್ಳುತ್ತಿದ್ದಿರಬೇಕು. ಹಿಂದೆ ಸಾಲು ಬೆಳೆಯುತ್ತಿತ್ತು. ಬೆವರಿದೆ. ಆ ಕುರ್ಚಿಯಲ್ಲಿ ಕುಳಿತಾಗ ಅಜ್ಜಿಯ ನೆನಪು ಬಂದದ್ದು ಪ್ರೀತಿಯಿಂದಲ್ಲ, ಕಾಗದದ ಭಯದಿಂದ. ಎಷ್ಟೋ ವರ್ಷ ಅವರು ಕುಳಿತ ಜಾಗದಲ್ಲಿ ಈಗ ನಾನು ಕುಳಿತಿದ್ದೆ. ಓದಲು ಬರುತ್ತಿದ್ದ ಕಣ್ಣು ಒಂದು ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಕುರುಡಾಗಿತ್ತು.

ಕೌಂಟರಿನ ಪಕ್ಕದ ಮೇಜಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಕುಳಿತಿದ್ದರು, ಎದೆಗೆ ಸ್ವಯಂಸೇವಕರ ಚೀಟಿ. ನಮ್ಮ ಗೊಂದಲ ಕಂಡು ಕರೆದರು. ಅವರಿಗೆ ಇಂಗ್ಲಿಷ್ ಒಂದು ಪದವೂ ಬಾರದು. ಮೊದಲ ಕಾಗದ ತೆಗೆದುಕೊಂಡು ಮೇಲಿನಿಂದ ಓದಲು ಶುರು ಮಾಡಿದರು. ಕಾಗದದಲ್ಲಿದ್ದ ಭಾಷೆಯಲ್ಲಲ್ಲ. ಒಂದು ವಾಕ್ಯಕ್ಕೆ ಒಂದೇ ವಿಷಯ. "ಇದು ಆಸ್ಪತ್ರೆಯ ಹಣದ ಕಾಗದ. ನಿಮಗೆ ಜ್ವರ ಬರುತ್ತದೆ. ನೀವು ಆಸ್ಪತ್ರೆಗೆ ಹೋಗುತ್ತೀರಿ. ಹಣ 100 ಯೆನ್. ನೀವು 30 ಕೊಡುತ್ತೀರಿ. 70 ವಿಮೆ ಕೊಡುತ್ತದೆ. ಅದಕ್ಕೆ ನೀವು ತಿಂಗಳು ತಿಂಗಳು ಸ್ವಲ್ಪ ಕಟ್ಟುತ್ತೀರಿ. ನಿಮಗೆ ಸಂಬಳ ಇಲ್ಲ. ಅದಕ್ಕೇ ಕಡಿಮೆ ಕಟ್ಟುತ್ತೀರಿ." ಪ್ರತಿ ವಾಕ್ಯದ ಕೊನೆಗೆ ನನ್ನ ಮುಖ ನೋಡುತ್ತಿದ್ದರು. ತಲೆಯಾಡಿಸಿದರೆ ಮುಂದೆ ಹೋಗುತ್ತಿದ್ದರು, ಇಲ್ಲದಿದ್ದರೆ ಬೇರೆ ಪದ ಹುಡುಕುತ್ತಿದ್ದರು. ಏಳೂ ಕಾಗದ ಹೀಗೇ ಆಯಿತು. ಸಣ್ಣ ಅಕ್ಷರವನ್ನೂ ಬಿಡಲಿಲ್ಲ. ಸಹಿ ಎಲ್ಲಿ ಎಂದು ಕೊನೆಯಲ್ಲಿ ಹೇಳಿದರು. ನನ್ನ ಜತೆಗಾರನೂ ಪಕ್ಕದಲ್ಲಿ ಕುಳಿತು ಕೇಳಿದ. ಹೊರಗೆ ಬಂದ ಮೇಲೆ, ಪಿಂಚಣಿಯ ವಿಷಯ ತನಗೂ ಇವತ್ತೇ ಅರ್ಥವಾದದ್ದು ಎಂದ.

ಅವರು ಆಡಿದ ಆ ಭಾಷೆಗೆ ಒಂದು ಹೆಸರಿದೆ ಎಂದು ತಿಳಿದದ್ದು ಮೂರನೇ ದಿನ, ವಿಪತ್ತಿನ ತರಬೇತಿಯಲ್ಲಿ. ಕೋಬೆಯಲ್ಲಿ ಅದು ಬಾಯಿಮಾತಿನ ಪಾಠವಲ್ಲ. 1995ರ ಜನವರಿ 17ರ ಬೆಳಗ್ಗೆ 5 ಗಂಟೆ 46 ನಿಮಿಷಕ್ಕೆ ಆದ ಭೂಕಂಪದಲ್ಲಿ ಆ ಸೀಮೆಯಲ್ಲಿ 6,434 ಜನ ಸತ್ತರು. ನಾಗತಾ ಎಂಬ ಭಾಗದಲ್ಲಿ ಬೆಂಕಿ ಹತ್ತಿ ಬೀದಿಗೆ ಬೀದಿಯೇ ಉರಿಯಿತು. ಅಲ್ಲಿ ಚಪ್ಪಲಿ, ಶೂ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಕೊರಿಯಾದ, ವಿಯೆಟ್ನಾಮಿನ ಕುಟುಂಬಗಳು ತುಂಬಾ ಇದ್ದವು. ನೀರು ಎಲ್ಲಿ ಕೊಡುತ್ತಾರೆ, ಯಾವ ಶಾಲೆಯಲ್ಲಿ ಮಲಗಬಹುದು, ಯಾವ ಅರ್ಜಿ ಎಂದಿನೊಳಗೆ ಕೊಡಬೇಕು ಎಂಬ ಸುದ್ದಿ ಜಪಾನಿಯಲ್ಲೇ ಬರುತ್ತಿತ್ತು. ಭಾಷೆ ಸರಿಯಾಗಿ ಬಾರದವರಿಗೆ ಭೂಮಿ ನಿಂತ ಮೇಲೂ ಕಷ್ಟ ನಿಲ್ಲಲಿಲ್ಲ. ನಾಗತಾದಲ್ಲಿ ಜನರೇ ಸೇರಿ ಹಲವು ಭಾಷೆಗಳಲ್ಲಿ ರೇಡಿಯೋ ಶುರು ಮಾಡಿದರು. ಇನ್ನೊಂದು ಕಡೆ ಹಿರೊಸಾಕಿ ವಿಶ್ವವಿದ್ಯಾಲಯದ ಸಾತೊ ಕಜುಯುಕಿ ಮತ್ತು ಜತೆಯವರು ಬೇರೆ ದಾರಿ ಹಿಡಿದರು. ಎಲ್ಲ ಭಾಷೆಗೂ ಅನುವಾದ ಮಾಡುವಷ್ಟು ಹೊತ್ತು ವಿಪತ್ತಿನಲ್ಲಿ ಇರುವುದಿಲ್ಲ. ಹಾಗಾದರೆ ಜಪಾನಿಯನ್ನೇ ಸಣ್ಣದು ಮಾಡೋಣ ಎಂದರು.

ಅದೇ 'ಯಾಸಾಶಿಯಿ ನಿಹೊಂಗೊ'. ವಾಕ್ಯ ಚಿಕ್ಕದಿರಬೇಕು. ಒಂದು ವಾಕ್ಯದಲ್ಲಿ ಒಂದೇ ಸಂಗತಿ. ಕಾಂಜಿ ಬಂದರೆ ಮೇಲೆ ಓದುವ ಬಗೆ ಬರೆಯಬೇಕು. ಕಷ್ಟದ ಪದಕ್ಕೆ ಮನೆಮಾತಿನ ಪದ ಹಾಕಬೇಕು. 'ಎತ್ತರದ ಪ್ರದೇಶಕ್ಕೆ ಸ್ಥಳಾಂತರಗೊಳ್ಳಿ' ಎಂಬಂಥ ಮಾತು ಬಿಟ್ಟು 'ಎತ್ತರದ ಜಾಗಕ್ಕೆ ಓಡಿ' ಎನ್ನಬೇಕು. 'ಯಾಸಾಶಿಯಿ' ಎಂದರೆ ಸುಲಭ ಎಂದೂ ಆಗುತ್ತದೆ, ದಯೆಯುಳ್ಳ ಎಂದೂ ಆಗುತ್ತದೆ. ಬರೆಯುವ ಕಾಂಜಿ ಬೇರೆ, ಕಿವಿಗೆ ಎರಡೂ ಒಂದೇ. ವಾರ್ಡ್ ಕಚೇರಿಯ ಆ ಅಜ್ಜಿ ಮಾಡಿದ್ದು ಎರಡೂ ಹೌದು ಎಂದು ನನಗನ್ನಿಸಿತು.

ತರಬೇತಿಯಲ್ಲಿ ಪೊಲೀಸಿಗೆ 110, ಬೆಂಕಿಗೂ ಆಂಬುಲೆನ್ಸಿಗೂ 119 ಎಂದು ಬಾಯಿಪಾಠ ಮಾಡಿಸಿದರು. ಒಬ್ಬೊಬ್ಬರನ್ನೂ ನಿಲ್ಲಿಸಿ ಫೋನಿನಲ್ಲಿ ಮಾತಾಡಿಸಿದರು. ಮೊದಲು 'ಕಾಜಿ ದೆಸು', ಬೆಂಕಿ ಬಿದ್ದಿದೆ. ಇಲ್ಲವೇ 'ಕ್ಯೂಕ್ಯೂ ದೆಸು', ಆಂಬುಲೆನ್ಸ್ ಬೇಕು. ಆಮೇಲೆ ವಿಳಾಸ. ಆಮೇಲೆ ಹೆಸರು. ಇಷ್ಟೇ. ನಾಚಿಕೊಂಡು ಮೆಲ್ಲಗೆ ಹೇಳಿದವರನ್ನು ಮತ್ತೆ ಕೂಗಿ ಹೇಳಿಸಿದರು.

ಅದೇ ದಿನ ಮಧ್ಯಾಹ್ನ ಭಾಷೆಯ ಪರೀಕ್ಷೆ ಇಟ್ಟು ಯಾವ ತರಗತಿ ಎಂದು ಗೊತ್ತುಮಾಡಿದರು. ಕಾಂಜಿಯಲ್ಲಿ ನನ್ನ ಅಂಕ ತೀರಾ ಕಡಿಮೆ, ವಾಕ್ಯ ಕಟ್ಟುವುದರಲ್ಲಿ ಚೆನ್ನಾಗಿತ್ತು. ಇದಕ್ಕೆ ಕಾರಣ ನಮ್ಮ ಭಾಷೆ. 'ನಾನು ಶಾಲೆಗೆ ಹೋಗುತ್ತೇನೆ' ಎನ್ನುವುದು 'ವಾತಾಶಿ ವಾ ಗಕ್ಕೋ ನಿ ಇಕಿಮಾಸು'. ನಮ್ಮ 'ಗೆ' ಇರುವಲ್ಲೇ ಅವರ 'ನಿ' ಇದೆ, ಕ್ರಿಯಾಪದ ಕೊನೆಯಲ್ಲಿದೆ. 'ತಳಿ ಅಂತ ಹೇಳಿದೆ' ಎನ್ನುವಲ್ಲಿ ನಮ್ಮ 'ಅಂತ' ಮಾಡುವ ಕೆಲಸವನ್ನು ಅವರ 'ತೋ' ಮಾಡುತ್ತದೆ. ಅವರ ಅಕ್ಷರಮಾಲೆಯ ಸಾಲೂ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ. ಸಂಸ್ಕೃತದ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳಿಂದ ಬಂದ ಜೋಡಣೆ ಅದು. ಕನ್ನಡ, ತುಳು, ಬ್ಯಾರಿ ಯಾವುದು ಬಂದರೂ ಜಪಾನಿಯ ಅರ್ಧ ವ್ಯಾಕರಣ ಮನೆಯಲ್ಲೇ ಕಲಿತಂತೆ. ನನಗೆ ತಮಿಳೂ ಬರುತ್ತದೆ ಎಂದು ಕೇಳಿ ಮೇಷ್ಟ್ರೊಬ್ಬರು ಓನೊ ಸುಸುಮು ಎಂಬ ವಿದ್ವಾಂಸರ ಹೆಸರು ಹೇಳಿದರು. ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದವರು. ಹೆಚ್ಚಿನ ಭಾಷಾತಜ್ಞರು ಅದನ್ನು ಒಪ್ಪಿಲ್ಲ. ನಂಟಿರಲಿ ಬಿಡಲಿ, ಕಲಿಯುವವರಿಗೆ ಲಾಭವಂತೂ ಇದೆ.

ಊಟದ ಪಾಠವನ್ನು ಮಾಡಿದವನು ಇಂಡೋನೇಷಿಯಾದ ಹುಡುಗ. ನಾನು ದನ, ಹಂದಿ ಎರಡನ್ನೂ ತಿನ್ನುವವನಲ್ಲ, ಅವನು ಹಂದಿ ಮುಟ್ಟುವವನಲ್ಲ. ಸೂಪರ್ ಮಾರ್ಕೆಟಿನಲ್ಲಿ ನಿಂತು ಹಂದಿ, ದನ, ಸಾರಾಯಿ, ಕೊಬ್ಬು ಎಂಬ ನಾಲ್ಕು ಕಾಂಜಿಗಳನ್ನು ನನ್ನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟ. ಶುಕ್ರವಾರ ಮಧ್ಯಾಹ್ನ ಅವನು ಕೋಬೆಯ ಮಸೀದಿಗೆ ಹೊರಟಾಗ ನಾನೂ ಜತೆಗೆ ಹೋಗಿ ಹೊರಗೆ ಕಾದೆ. ಅದು 1935ರಲ್ಲಿ ಕಟ್ಟಿದ್ದು, ಜಪಾನಿನ ಮೊದಲ ಮಸೀದಿ. 1945ರ ಬಾಂಬಿಗೂ ಬೀಳದೆ, 1995ರ ಭೂಕಂಪಕ್ಕೂ ಬೀಳದೆ ನಿಂತಿದೆ. ಹತ್ತಿರದ ಹಲಾಲ್ ಅಂಗಡಿಯಲ್ಲಿ ತೊಗರಿಬೇಳೆ, ಖಾರದ ಪುಡಿ, ಬಾಸ್ಮತಿ ಎಲ್ಲ ಸಿಕ್ಕಿತು. ಅಜ್ಜಿ ಫೋನಿನಲ್ಲಿ ಕೇಳಿದ ರಾಗಿ ಮಾತ್ರ ಸಿಗಲಿಲ್ಲ.

ಕಲಿತ ಪಾಠಕ್ಕೆ ಎರಡೇ ದಿನದಲ್ಲಿ ಪರೀಕ್ಷೆ ಬಂತು. ಸೆಪ್ಟೆಂಬರ್ 30, ಭಾನುವಾರ, 24ನೇ ಚಂಡಮಾರುತ. ಆ ದಿನ ಮಧ್ಯಾಹ್ನದಿಂದ ಜೆ.ಆರ್. ರೈಲುಗಳನ್ನು ಮೊದಲೇ ಹೇಳಿ ನಿಲ್ಲಿಸಿದರು, ಕನ್ಸಾಯಿ ವಿಮಾನ ನಿಲ್ದಾಣವನ್ನೂ ಮುಚ್ಚಿದರು. ಹಾಸ್ಟೆಲಿನ ಬಾಗಿಲಿಗೆ ಹಿಂದಿನ ಸಂಜೆಯೇ ಒಂದು ಹಾಳೆ ಅಂಟಿಸಿದ್ದರು. "ನಾಳೆ ದೊಡ್ಡ ಗಾಳಿ ಬರುತ್ತದೆ. ಹೊರಗೆ ಹೋಗಬೇಡಿ. ಬಟ್ಟೆ ಒಣಗಿಸುವ ಕೋಲನ್ನು ಒಳಗೆ ತನ್ನಿ. ಸೈಕಲನ್ನು ಮಲಗಿಸಿ. ಸ್ನಾನದ ತೊಟ್ಟಿಗೆ ನೀರು ತುಂಬಿಸಿ. ಫೋನ್ ಚಾರ್ಜ್ ಮಾಡಿ." ಆರು ವಾಕ್ಯ. ಯಾರನ್ನೂ ಕೇಳದೆ ಪೂರ್ತಿ ಓದಿದೆ. ಜಪಾನಿನಲ್ಲಿ ನಾನಾಗಿಯೇ ಓದಿ ಅರ್ಥಮಾಡಿಕೊಂಡ ಮೊದಲ ಸರ್ಕಾರಿ ಮಾತಿನಂಥ ಮಾತು ಅದು. ಐದೂ ಕೆಲಸ ಮಾಡಿ, ಮನೆಗೆ ಫೋನ್ ಹಚ್ಚಿ, ಆ ಆರು ವಾಕ್ಯವನ್ನು ಹಾಗೆಯೇ ಕನ್ನಡದಲ್ಲಿ ಹೇಳಿದೆ. ಟಿ.ವಿ. ನೋಡಿ ಅಳುವ ಹಾಗಿದ್ದ ಅವ್ವ ಸುಮ್ಮನಾದರು. ಅಜ್ಜಿ ಫೋನ್ ಕಸಿದುಕೊಂಡು, "ಎಲ್ಲಾ ಓದಿದ್ಯಾ? ಕೆಳಗ್ಡೆ ಇನ್ನೇನಾದ್ರೂ ಬರ್ದವ್ರಾ?" ಎಂದು ಕೇಳಿದರು. ಇಲ್ಲ ಅಜ್ಜಿ, ಅಷ್ಟೇ ಎಂದೆ. ರಾತ್ರಿಯಿಡೀ ಕಿಟಕಿ ಬಡಿದುಕೊಂಡಿತು. ಸೋಮವಾರ ಕ್ಲಾಸಿಗೆ ಹೋದೆವು.

ಒಂದು ವರ್ಷ ಕಳೆದು ಊರಿಗೆ ಬಂದ ಮೇಲೆ ತಂಗಿಯೂ ನಾನೂ ಒಂದು ಕೆಲಸ ಹಿಡಿದಿದ್ದೇವೆ. ಅವಳಿಗೆ ಕಚೇರಿ ತಮಿಳು ಚೆನ್ನಾಗಿ ಗೊತ್ತು, ನನಗೆ ಸಣ್ಣ ವಾಕ್ಯದ ಅಭ್ಯಾಸವಾಗಿದೆ. ಪಟ್ಟಾ ಬದಲಾವಣೆ, ಪಿಂಚಣಿ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಈ ಮೂರು ಅರ್ಜಿಗಳಲ್ಲಿ ಏನಿದೆ ಎಂದು ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದೊಂದು ಹಾಳೆಯಲ್ಲಿ ಬರೆದು ನಮ್ಮ ಬೀದಿಯ ಮನೆಗಳಿಗೆ ಕೊಟ್ಟೆವು. ಅಜ್ಜಿಯಂಥವರು ಈಗ ಬೆರಳಿಟ್ಟು ತಾವೇ ಓದಿಕೊಳ್ಳುತ್ತಾರೆ. ಓದಿ ಕೇಳುವ ಪ್ರಶ್ನೆಗಳು ನಮಗೆ ಹೊಳೆಯದವು. ಕೆಲವಕ್ಕೆ ಉತ್ತರ ತಿಳಿಯಲು ವಿ.ಎ.ಓ. ಹತ್ತಿರವೇ ಹೋಗಬೇಕಾಗುತ್ತದೆ.

ನಿಮ್ಮ ಮನೆಯ ಮಕ್ಕಳು ಯಾರಾದರೂ ಜಪಾನಿಗೆ ಓದಲು ಹೊರಟಿದ್ದರೆ ಇಷ್ಟು ಹೇಳುತ್ತೇನೆ. ಪಾಸ್‌ಪೋರ್ಟಿನಲ್ಲಿ ಯಾವ ಹೆಸರು ಎಲ್ಲಿದೆ ಎಂದು ಈಗಲೇ ನೋಡಿಕೊಳ್ಳಿ, ವರ್ಷವಿಡೀ ಅದೇ ಹೆಸರಿನಿಂದ ಕರೆಸಿಕೊಳ್ಳಬೇಕು. ಹಂದಿ, ಸಾರಾಯಿ ಎಂಬ ಕಾಂಜಿಗಳನ್ನು ಹೊರಡುವ ಮುಂಚೆಯೇ ಕಲಿಯಿರಿ. ಪಾರ್ಟ್‌ಟೈಮ್ ಕೆಲಸ ಮಾಡುವುದಾದರೆ ಅನುಮತಿ ಬೇಕು. ಅದೂ ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 28 ಗಂಟೆ ಮಾತ್ರ. 'ಮೋ ಇಚಿದೊ', ಇನ್ನೊಮ್ಮೆ, 'ಯುಕ್ಕುರಿ', ನಿಧಾನಕ್ಕೆ, ಈ ಎರಡು ಮಾತು ಬಾಯಲ್ಲಿರಲಿ. ಕಾಗದ ಮುಂದಿಟ್ಟರೆ ಪೂರ್ತಿ ಓದಿ ಹೇಳಿ ಎಂದು ಕೇಳಲು ನಾಚಬೇಡಿ, ಹಿಂದೆ ಎಷ್ಟೇ ಉದ್ದ ಸಾಲಿದ್ದರೂ.